ಪೆಟ್ರೋಲ್ ಬಿಲ್‌ನಲ್ಲಿ ಕಾಣದ ನಾಲ್ಕು ಸಾಲು

2024ರ ಜೂನ್ 16, ಭಾನುವಾರ ಬೆಳಗ್ಗೆ. ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಬಂಕ್‌ಗೆ ಸ್ಟಾಕ್ ಲೆಕ್ಕ ನೋಡಲು ಹೋಗಿದ್ದೆ. ಹಿಂದಿನ ದಿನವಷ್ಟೇ ರಾಜ್ಯದ ಮಾರಾಟ ತೆರಿಗೆ ಏರಿತ್ತು. ಸ್ಕೂಟರ್‌ನಲ್ಲಿ ಬಂದ ಹಿರಿಯರೊಬ್ಬರು ದರ ನೋಡಿ, ಪೈಪ್ ಹಿಡಿದಿದ್ದ ಹುಡುಗನ ಮೇಲೆ ರೇಗಿದರು. "ಏನ್ ತಮ್ಮಾ, ರಾತ್ರಿ ಕಳೆದು ಬೆಳಗಾಗೋದ್ರೊಳಗೆ ಮೂರು ರೂಪಾಯಿ ಜಾಸ್ತಿನಾ? ಹಿಂಗಾ ಲೂಟಿ ಹೊಡೆಯೋದು?" ಹುಡುಗ ತಲೆ ತಗ್ಗಿಸಿ, "ನಮ್ ಕೈಯಾಗೇನಿಲ್ಲ ಯಜಮಾನ್ರೇ" ಅಂದ.

ಅವನು ಹೇಳಿದ್ದು ನಿಜ. ಆ ಮೂರು ರೂಪಾಯಿಯಲ್ಲಿ ಅವನಿಗೆ ಒಂದು ಪೈಸೆಯೂ ಇಲ್ಲ, ಅವನ ಮಾಲೀಕರಿಗೂ ಇಲ್ಲ. ಆದರೆ ಬೈಸಿಕೊಂಡವನು ಅವನು. ನನಗೆ ಅವತ್ತು ತುಂಬಾ ಬೇಜಾರಾಯಿತು.

ನನ್ನದು ತೆರಿಗೆ ಲೆಕ್ಕದ ಕೆಲಸ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕೆಲವು ಬಂಕ್‌ನವರು, ಲಾರಿ ಮಾಲೀಕರು, ಎಪಿಎಂಸಿ ವರ್ತಕರು ನನ್ನ ಹತ್ತಿರ ಲೆಕ್ಕ ಬರೆಸುತ್ತಾರೆ. ಟ್ಯಾಂಕರ್ ಲೋಡ್‌ಗೆ ಬಂಕ್‌ನವರು ಕಟ್ಟಿದ ಹಣವೂ ನನ್ನ ಕಣ್ಣಿಗೆ ಬೀಳುತ್ತದೆ. ಅದೇ ಡೀಸೆಲ್ ಲಾರಿಯ ಖರ್ಚಿನ ಪಟ್ಟಿಯಲ್ಲಿ ಬಂದು ಕೂರುವುದೂ ಕಾಣುತ್ತದೆ. "ಸಾಹೇಬ್ರೇ, ತಪ್ಪು ದಿಲ್ಲಿಯವರದಾ, ಬೆಂಗಳೂರಿನವರದಾ?" ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಸುಮ್ನೆ ಒಂದು ಕಡೆ ಕೈ ತೋರಿಸಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ಆ ಭಾನುವಾರದ ದರವನ್ನೇ ಬಿಚ್ಚಿ ನೋಡೋಣ. ಬೆಂಗಳೂರಿನ ಅಂಕಿ ತಗೊಳ್ಳುತ್ತೇನೆ. 99 ರೂಪಾಯಿ 84 ಪೈಸೆ ಇದ್ದ ಪೆಟ್ರೋಲ್ 102 ರೂಪಾಯಿ 84 ಪೈಸೆ ಆಯಿತು. ರಾಜ್ಯದ ತೆರಿಗೆ ಶೇ. 25.92ರಿಂದ 29.84ಕ್ಕೆ ಹೋಗಿತ್ತು. ಅಂದರೆ ಶೇ. 3.92 ಜಾಸ್ತಿ ಆಗಿದ್ದಕ್ಕೆ ಮೂರು ರೂಪಾಯಿ ಏರಿದೆ. ಹಾಗಾದರೆ ಆ ತೆರಿಗೆ ಬೀಳುತ್ತಿರುವುದು ಎಷ್ಟು ಹಣದ ಮೇಲೆ? ಮೂರನ್ನು 3.92ರಿಂದ ಭಾಗಿಸಿ, ನೂರರಿಂದ ಗುಣಿಸಿ. ಹೆಚ್ಚುಕಡಿಮೆ 76 ರೂಪಾಯಿ 50 ಪೈಸೆ ಬರುತ್ತದೆ.

ಈಗ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಆ 76.50ರ ಹೊಟ್ಟೆಯೊಳಗೇ ಕೇಂದ್ರದ ಎಕ್ಸೈಸ್ ಸುಂಕ 19 ರೂಪಾಯಿ 90 ಪೈಸೆ ಇದೆ. ಅದನ್ನು ತೆಗೆದರೆ ಸುಮಾರು 56 ರೂಪಾಯಿ 60 ಪೈಸೆ. ಕಚ್ಚಾ ತೈಲ, ಸಂಸ್ಕರಣೆ, ಸಾಗಣೆ, ತೈಲ ಕಂಪನಿಯ ಲಾಭ ಎಲ್ಲ ಅದರಲ್ಲೇ. ರಾಜ್ಯದ ಪಾಲು ಸುಮಾರು 22 ರೂಪಾಯಿ 80 ಪೈಸೆ. ಕೊನೆಗೆ ಮೂರೂವರೆ ರೂಪಾಯಿ ಉಳಿಯಿತಲ್ಲ, ಅದು ಬಂಕ್‌ನವರ ಕಮಿಷನ್. ಹುಡುಗರ ಸಂಬಳ, ಕರೆಂಟ್ ಬಿಲ್, ಬೇಸಿಗೆಯಲ್ಲಿ ಆವಿಯಾಗಿ ಹೋಗುವ ಪೆಟ್ರೋಲ್, ಎಲ್ಲ ಅದರಲ್ಲೇ ಕಳೆಯಬೇಕು.

ಎರಡೂ ಸರ್ಕಾರದ್ದು ಸೇರಿಸಿದರೆ ಲೀಟರ್‌ಗೆ 42 ರೂಪಾಯಿ 70 ಪೈಸೆ. ಇನ್ನೊಂದು ಮಾತು ಗಮನಿಸಿ. ಕೇಂದ್ರದ 19.90ರ ಮೇಲೂ ರಾಜ್ಯದ ತೆರಿಗೆ ಬೀಳುತ್ತದೆ. ತೆರಿಗೆಯ ಮೇಲಿನ ತೆರಿಗೆಯೇ ಆರು ರೂಪಾಯಿ ಹತ್ತಿರ ಆಯಿತು. ಹೋಟೆಲ್ ಬಿಲ್‌ನಲ್ಲಿ ಒಂದು ಊಟದ ಜಿಎಸ್‌ಟಿ ಬಿಡಿಸಿ ತೋರಿಸುತ್ತಾರೆ. ಬಂಕ್‌ನ ಬಿಲ್‌ನಲ್ಲಿ ಲೀಟರ್, ದರ, ಮೊತ್ತ ಬಿಟ್ಟರೆ ಬೇರೇನೂ ಇಲ್ಲ. ಈ ನಾಲ್ಕು ಸಾಲು ಅದರಲ್ಲಿ ಇದ್ದಿದ್ದರೆ ಆ ಹುಡುಗನಿಗೆ ಬೈಗುಳ ಬೀಳುತ್ತಿರಲಿಲ್ಲ.

(ನಮ್ಮ ಊರಿನ ದರ ಬೆಂಗಳೂರಿಗಿಂತ ರೂಪಾಯಿ ಚಿಲ್ಲರೆ ಜಾಸ್ತಿ ಯಾಕೆ ಅಂತಲೂ ಕೇಳುತ್ತಾರೆ. ಅದು ಸಾಗಣೆ ಖರ್ಚು. ರಿಫೈನರಿ ಇರುವುದು ಮಂಗಳೂರಲ್ಲಿ, ಅಲ್ಲಿಂದ ಬೆಂಗಳೂರಿಗೆ ಪೈಪ್‌ಲೈನ್ ಇದೆ. ನಮ್ಮ ಬಂಕ್‌ಗಳಿಗೆ ಟ್ಯಾಂಕರ್‌ನಲ್ಲೇ ಬರಬೇಕು.)

ಇನ್ನು ತಪ್ಪು ಯಾರದು ಅನ್ನುವ ಮಾತಿಗೆ ಬರೋಣ. ಕಚ್ಚಾ ತೈಲ ಏರಿದಾಗ ಬೆಲೆ ಏರುವುದಕ್ಕೆ ಇಲ್ಲಿ ಯಾರನ್ನೂ ದೂರುವುದು ಸರಿಯಲ್ಲ. ನಾವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಕೊಳ್ಳುವುದು ಡಾಲರ್‌ನಲ್ಲಿ. 2014ರಲ್ಲಿ 60 ರೂಪಾಯಿ ಆಸುಪಾಸು ಇದ್ದ ಡಾಲರ್ 2025ರಲ್ಲಿ 85 ದಾಟಿತ್ತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಬ್ಯಾರೆಲ್ ನೂರು ಡಾಲರ್ ದಾಟಿತು. ಅದನ್ನು ತಡೆಯುವ ಶಕ್ತಿ ದಿಲ್ಲಿಗೂ ಇಲ್ಲ, ಬೆಂಗಳೂರಿಗೂ ಇಲ್ಲ. ಏರಿದ್ದಕ್ಕಿಂತ ನಾನು ಜಾಸ್ತಿ ಲೆಕ್ಕ ಕೇಳುವುದು ಇಳಿಯಬೇಕಾದಾಗ ಇಳಿಯದೇ ಇದ್ದದ್ದಕ್ಕೆ. ಅಲ್ಲಿ ಒಂದೊಂದು ತೀರ್ಮಾನಕ್ಕೂ ತಾರೀಖು ಇದೆ, ಸಹಿ ಇದೆ.

2020ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಲಾಕ್‌ಡೌನ್. ಭಾರತ ಕೊಳ್ಳುವ ಕಚ್ಚಾ ತೈಲ ಬ್ಯಾರೆಲ್‌ಗೆ ಸರಾಸರಿ 20 ಡಾಲರ್‌ಗೆ ಇಳಿಯಿತು. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಡಾಲರ್‌ಗೆ 76 ರೂಪಾಯಿ ಹಿಡಿದರೆ ಲೀಟರ್ ಕಚ್ಚಾ ತೈಲ ಒಂಬತ್ತೂವರೆ ರೂಪಾಯಿ. ಅಂಗಡಿಯಲ್ಲಿ ಒಂದು ಲೀಟರ್ ನೀರಿನ ಬಾಟಲಿಯ ಅರ್ಧ ಬೆಲೆ. ಆಗ ನಮಗೆ ಬೆಲೆ ಇಳಿಯಿತಾ? ಇಲ್ಲ. ಮಾರ್ಚ್‌ನಲ್ಲಿ ಎಕ್ಸೈಸ್ ಸುಂಕ 3 ರೂಪಾಯಿ ಏರಿತ್ತು. ಮೇ 6ಕ್ಕೆ ಪೆಟ್ರೋಲ್ ಮೇಲೆ ಇನ್ನೂ 10, ಡೀಸೆಲ್ ಮೇಲೆ 13 ರೂಪಾಯಿ ಏರಿತು. ಇಳಿದ ಲಾಭ ಬಂಕ್‌ವರೆಗೆ ಬರುವ ಮುಂಚೆಯೇ ಖಜಾನೆ ಸೇರಿತು.

2014ರಲ್ಲಿ ಪೆಟ್ರೋಲ್ ಮೇಲೆ 9 ರೂಪಾಯಿ 48 ಪೈಸೆ, ಡೀಸೆಲ್ ಮೇಲೆ 3 ರೂಪಾಯಿ 56 ಪೈಸೆ ಇದ್ದ ಕೇಂದ್ರ ಸುಂಕ ಆ ಮೇ ತಿಂಗಳಲ್ಲಿ 32.98 ಮತ್ತು 31.83 ಆಗಿತ್ತು. ಶೇಕಡಾವಾರು ಇದ್ದಿದ್ದರೆ ತೈಲ ಇಳಿದಾಗ ಸುಂಕವೂ ಇಳಿಯುತ್ತಿತ್ತು. ಲೀಟರ್‌ಗೆ ಇಷ್ಟು ರೂಪಾಯಿ ಅಂತ ಗಟ್ಟಿ ಮಾಡಿದ ಸುಂಕ ತಾನಾಗಿ ಇಳಿಯುವುದಿಲ್ಲ. ಯಾರಾದರೂ ಇಳಿಸಬೇಕು.

ಆಮೇಲೆ ಇಳಿಸಿದರು, ಅದನ್ನೂ ಹೇಳಲೇಬೇಕು. 2021ರ ದೀಪಾವಳಿ ಹೊತ್ತಿಗೆ ಕೇಂದ್ರ ಪೆಟ್ರೋಲ್‌ಗೆ 5, ಡೀಸೆಲ್‌ಗೆ 10 ರೂಪಾಯಿ ಇಳಿಸಿತು. ರಾಜ್ಯವೂ 7 ರೂಪಾಯಿ ಇಳಿಸಿತು. 2022ರ ಮೇನಲ್ಲಿ ಕೇಂದ್ರ ಮತ್ತೆ 8 ಮತ್ತು 6 ರೂಪಾಯಿ ಕಡಿಮೆ ಮಾಡಿತು. ಆ ದೀಪಾವಳಿಯಲ್ಲಿ ನನ್ನ ಗಿರಾಕಿಯೊಬ್ಬರ ಬಂಕ್‌ನ ಟ್ಯಾಂಕ್‌ಗಳು ತುಂಬಿದ್ದವು. ಹಳೆಯ ಸುಂಕ ಕಟ್ಟಿ ತಂದ ಮಾಲು, ಹೊಸ ದರಕ್ಕೆ ಮಾರಬೇಕಾಯಿತು. ಡಿಪ್ ರಾಡ್ ಹಾಕಿ ಅಳೆದು ಲೆಕ್ಕ ಮಾಡಿದಾಗ ಮೂರು ಲಕ್ಷದ ಮೇಲೆ ನಷ್ಟ. ಹಬ್ಬದ ದಿನ ಅವರ ಮುಖ ನೋಡಲಾಗಲಿಲ್ಲ.

ತೈಲ ಕಂಪನಿಗಳ ವಿಷಯ. 2017ರ ಜೂನ್ 16ರಿಂದ ದಿನಾ ಬೆಳಗ್ಗೆ 6ಕ್ಕೆ ದರ ಬದಲಾಗುವ ಪದ್ಧತಿ ಬಂತು. ಮಾರುಕಟ್ಟೆ ಹೇಗೋ ಹಾಗೆ, ಸರ್ಕಾರದ ಕೈ ಇಲ್ಲ ಅಂದರು. ಆದರೆ 2018ರಲ್ಲಿ ನಮ್ಮ ವಿಧಾನಸಭೆ ಚುನಾವಣೆ ಮುಗಿಯುವವರೆಗೆ 19 ದಿನ ದರ ಅಲ್ಲಾಡಲಿಲ್ಲ. ಮತದಾನ ಮುಗಿದ ಎರಡನೇ ದಿನ ಏರಲು ಶುರುವಾಯಿತು. 2021ರ ನವೆಂಬರ್‌ನಿಂದ ಉತ್ತರ ಪ್ರದೇಶ ಮತ್ತಿತರ ಚುನಾವಣೆ ಮುಗಿಯುವವರೆಗೆ ನಾಲ್ಕೂವರೆ ತಿಂಗಳು ಹಾಗೇ ನಿಂತಿತ್ತು. ಆಮೇಲೆ ಹದಿನಾರೇ ದಿನದಲ್ಲಿ 10 ರೂಪಾಯಿ ಏರಿತು. ದರ ಹಿಡಿದಿಟ್ಟ ಕಾಲಕ್ಕೆ ಕಂಪನಿಗಳಿಗೆ ನಷ್ಟ ಆಗಿದ್ದು ನಿಜ. 2022ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮೂರೂ ಸರ್ಕಾರಿ ಕಂಪನಿಗಳು ಸೇರಿ 21 ಸಾವಿರ ಕೋಟಿಗೂ ಜಾಸ್ತಿ ಕಳೆದುಕೊಂಡವು. ಆದರೆ 2023-24ರಲ್ಲಿ ಅವೇ ಮೂರು ಸುಮಾರು 81 ಸಾವಿರ ಕೋಟಿ ಲಾಭ ತೋರಿಸಿದವು. ಆ ವರ್ಷ ನಮಗೆ ಸಿಕ್ಕಿದ್ದು 2 ರೂಪಾಯಿ ಇಳಿಕೆ. ಅದೂ ಲೋಕಸಭೆ ಚುನಾವಣೆಯ ದಿನಾಂಕ ಪ್ರಕಟವಾಗುವ ಹಿಂದಿನ ದಿನ, ಮಾರ್ಚ್ 15ಕ್ಕೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು 2025ರ ಏಪ್ರಿಲ್ 8. ಕಚ್ಚಾ ತೈಲ 65 ಡಾಲರ್ ಆಸುಪಾಸಿಗೆ ಬಂದಿತ್ತು. ಅವತ್ತು ಎಕ್ಸೈಸ್ ಸುಂಕ 2 ರೂಪಾಯಿ ಏರಿತು. ಬಂಕ್‌ನ ಬೋರ್ಡ್ ಮೇಲೆ ಒಂದು ಪೈಸೆಯೂ ಬದಲಾಗಲಿಲ್ಲ, ಹಾಗಾಗಿ ಊರಲ್ಲಿ ಯಾರೂ ಮಾತಾಡಲಿಲ್ಲ. ಇಳಿಯಬೇಕಿದ್ದ 2 ರೂಪಾಯಿ ನಮ್ಮ ಜೇಬಿಗೆ ಬರದೆ ದಾರಿಯಲ್ಲೇ ತಿರುಗಿತು.

ರಾಜ್ಯದವರು ಹೇಳುವುದರಲ್ಲೂ ಹುರುಳಿದೆ. 2024ರ ಆ 19.90ರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಬರೀ 1 ರೂಪಾಯಿ 40 ಪೈಸೆ. ಉಳಿದದ್ದು ಸೆಸ್ ಮತ್ತು ವಿಶೇಷ ಸುಂಕ, ಅದರಲ್ಲಿ ರಾಜ್ಯಕ್ಕೆ ಪಾಲಿಲ್ಲ. ಪಕ್ಕದ ಆಂಧ್ರದಲ್ಲಿ ಪೆಟ್ರೋಲ್ ಇನ್ನೂ ದುಬಾರಿ ಅನ್ನುವುದೂ ನಿಜ. ಆದರೆ ಪಕ್ಕದ ಮನೆಯಲ್ಲಿ ಖಾರ ಜಾಸ್ತಿ ಅಂದರೆ ನಮ್ಮ ಸಾರಿನ ಖಾರ ಕಡಿಮೆ ಆಗುವುದಿಲ್ಲ. 2024ರ ಜೂನ್‌ನಲ್ಲಿ ಡೀಸೆಲ್ ತೆರಿಗೆ ಶೇ. 14.34ರಿಂದ 18.44 ಆಯಿತು. 2025ರ ಏಪ್ರಿಲ್ 1ಕ್ಕೆ 21.17 ಆಯಿತು. ಇದನ್ನು ಗ್ಯಾರಂಟಿ ಯೋಜನೆಗಳ ತಲೆಗೆ ಕಟ್ಟುವವರು ಒಂದು ಅಂಕಿ ನೋಡಬೇಕು. 2021ರ ದೀಪಾವಳಿಗೆ ಮುಂಚೆ, ಗ್ಯಾರಂಟಿಗಳ ಹೆಸರೇ ಇಲ್ಲದಾಗ, ಪೆಟ್ರೋಲ್ ಮೇಲಿನ ರಾಜ್ಯ ತೆರಿಗೆ ಶೇ. 35 ಇತ್ತು.

ಹಾಗೆಯೇ ಹಿಂದಿನ ಯುಪಿಎ ಸರ್ಕಾರದ ತೈಲ ಬಾಂಡ್ (ತೈಲ ಕಂಪನಿಗಳ ನಷ್ಟ ತುಂಬಲು ನಗದಿನ ಬದಲು ಕೊಟ್ಟ ಸಾಲಪತ್ರ) ತೀರಿಸಲು ಸುಂಕ ಏರಿಸಿದರು ಅನ್ನುವ ಮಾತು. ಬಾಂಡ್ ಸಾಲ ನಿಜವೇ, ಅಸಲು ಸುಮಾರು 1.3 ಲಕ್ಷ ಕೋಟಿ. ಆದರೆ 2020-21ರ ಒಂದೇ ವರ್ಷ ಪೆಟ್ರೋಲಿಯಂ ಎಕ್ಸೈಸ್‌ನಿಂದ ಕೇಂದ್ರಕ್ಕೆ ಬಂದದ್ದು 3.7 ಲಕ್ಷ ಕೋಟಿ. ಲೆಕ್ಕ ಗೊತ್ತಿರುವ ಯಾರೂ ಈ ಕಾರಣ ಒಪ್ಪುವುದಿಲ್ಲ.

ಈ ಮೂರು ರೂಪಾಯಿ ಬದುಕಿನಲ್ಲಿ ಎಲ್ಲಿ ಚುಚ್ಚುತ್ತದೆ ಅಂತ ಒಬ್ಬರ ಪುಸ್ತಕದಿಂದ ತೋರಿಸುತ್ತೇನೆ. ಒಂದೇ ಲಾರಿಯ ಮಾಲೀಕರು, ಡ್ರೈವರ್ ಇಟ್ಟುಕೊಂಡಿದ್ದಾರೆ. ದಾವಣಗೆರೆಯಿಂದ ಬೆಂಗಳೂರಿಗೆ 10 ಟನ್ ಅಕ್ಕಿ. ಹೋಗಿ ಬರಲು 520 ಕಿಲೋಮೀಟರ್. ಲೀಟರ್‌ಗೆ 4 ಕಿಲೋಮೀಟರ್ ಹಿಡಿದರೆ 130 ಲೀಟರ್ ಡೀಸೆಲ್. 3 ರೂಪಾಯಿ ಏರಿದರೆ ಟ್ರಿಪ್‌ಗೆ 390 ರೂಪಾಯಿ ಜಾಸ್ತಿ. ತಿಂಗಳಿಗೆ 12 ಟ್ರಿಪ್ ಅಂದರೆ 4,680. ಟೋಲ್, ಡ್ರೈವರ್ ಬ್ಯಾಟಾ, ಹಮಾಲಿ, ಟೈರ್ ಎಲ್ಲ ಕಳೆದು ಅವರಿಗೆ ತಿಂಗಳಿಗೆ 36 ಸಾವಿರ ಉಳಿಯುತ್ತಿತ್ತು. ಅದರಲ್ಲಿ ಲಾರಿ ಸಾಲದ ಕಂತು 28 ಸಾವಿರ. ಮನೆಗೆ 8 ಸಾವಿರ. ಬಾಡಿಗೆ ವರ್ಷಕ್ಕೊಮ್ಮೆ ಮಾತಾಡಿದ್ದು, ನಡುವೆ ಏರಿಸುವ ಹಾಗಿಲ್ಲ. ಆ ಜೂನ್ ಆದಮೇಲೆ ಮನೆಗೆ ಉಳಿದದ್ದು 3,320 ರೂಪಾಯಿ. ಅವರ ಹೆಂಡತಿ ಹೊಲಿಗೆ ಮಾಡುತ್ತಿದ್ದರಿಂದ ಮಗಳ ಕಾಲೇಜು ಫೀಸ್ ಹೇಗೋ ನಡೆಯಿತು.

ಅದೇ 390 ರೂಪಾಯಿಯನ್ನು 10 ಟನ್‌ಗೆ ಹಂಚಿ ನೋಡಿ. ಕೆಜಿಗೆ ನಾಲ್ಕು ಪೈಸೆ ಕೂಡ ಆಗುವುದಿಲ್ಲ. ಆದ್ದರಿಂದ ಡೀಸೆಲ್ ಏರಿತು ಅಂತ ಯಾರಾದರೂ ಅಕ್ಕಿಗೆ ಕೆಜಿ ಮೇಲೆ ಎರಡು ರೂಪಾಯಿ ಕೂಡಿಸಿದರೆ ಒಂದು ಪ್ರಶ್ನೆ ಕೇಳಿ. ಗದ್ದೆಯ ಟ್ರ್ಯಾಕ್ಟರ್, ಮಿಲ್ಲಿನ ಜನರೇಟರ್ ಎಲ್ಲ ಸೇರಿಸಿದರೂ ಅಷ್ಟು ಬರುವುದು ಕಷ್ಟ. ಏರಿಕೆಯ ಹೆಸರಲ್ಲಿ ದುಡ್ಡು ಮಾಡುವವರು ಬೇರೆ, ಏರಿಕೆಯ ಭಾರ ಹೊರುವವರು ಬೇರೆ.

ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿವೆ. ಅವನ್ನೂ ಅದರೊಳಗೆ ತಂದರೆ ಎಲ್ಲ ಸರಿಹೋಗುತ್ತದಾ? ಸಣ್ಣ ಉದ್ದಿಮೆಗಳಿಗಂತೂ ಅನುಕೂಲ. ಹರಿಹರದ ಒಂದು ವರ್ಕ್‌ಶಾಪ್ ಕಬ್ಬಿಣ ಕೊಂಡರೆ ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ (ತಾನು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಳೆದುಕೊಳ್ಳಬಹುದು), ಜನರೇಟರ್ ಡೀಸೆಲ್‌ಗೆ ಸಿಗುವುದಿಲ್ಲ. ಆದರೆ 2021ರ ಸೆಪ್ಟೆಂಬರ್ 17ರಂದು ಲಖನೌನಲ್ಲಿ ಕೇಂದ್ರ, ರಾಜ್ಯ ಎರಡೂ ಕೂರುವ ಜಿಎಸ್‌ಟಿ ಮಂಡಳಿಯಲ್ಲಿ ಈ ಮಾತು ಬಂದಾಗ ಇದು ಅದಕ್ಕೆ ಸಮಯವಲ್ಲ ಅಂತ ತೀರ್ಮಾನವಾಯಿತು. ಹೊರಗೆ ಒಬ್ಬರನ್ನೊಬ್ಬರು ದೂರುವವರು ಅಲ್ಲಿ ಒಂದೇ ಮಾತಾಡಿದರು.

ಆ ಲಾರಿ ಮಾಲೀಕರಿಗೆ ನಾನು ಮಾಡಿಕೊಟ್ಟಿದ್ದು ಒಂದು ಸಣ್ಣ ಕೆಲಸ. ಮಿಲ್ಲಿನವರ ಜೊತೆಗಿನ ಬಾಡಿಗೆ ಕರಾರಿನಲ್ಲಿ ಡೀಸೆಲ್‌ನದೇ ಒಂದು ಕಲಂ ಸೇರಿಸಿದೆವು. ದರ ಏರಿದರೆ ಟ್ರಿಪ್‌ಗೆ 130 ಲೀಟರ್ ಲೆಕ್ಕದಲ್ಲಿ ಬಾಡಿಗೆ ಏರಬೇಕು, ಇಳಿದರೆ ಅದೇ ಲೆಕ್ಕದಲ್ಲಿ ಇಳಿಯಬೇಕು. "ಇಳಿದ್ರೆ ಇಳಿಸ್ತೀನಿ ಸಾರ್, ಅದರಾಗೇನೈತಿ" ಅಂದು ಅವರು ಯೋಚನೆ ಮಾಡದೆ ಸಹಿ ಹಾಕಿದರು. 2025ರ ಏಪ್ರಿಲ್‌ನಲ್ಲಿ ರಾಜ್ಯದ ತೆರಿಗೆ ಏರಿ ಡೀಸೆಲ್ 2 ರೂಪಾಯಿ ಜಾಸ್ತಿ ಆಯಿತಲ್ಲ, ಆ ತಿಂಗಳ ಮೊದಲ ಟ್ರಿಪ್‌ನ ಬಿಲ್‌ನಲ್ಲಿ ಬಾಡಿಗೆಯ ಕೆಳಗೆ ಬೇರೆ ಸಾಲಿನಲ್ಲಿ 260 ರೂಪಾಯಿ ಬಂದಿತ್ತು.