ದೋಣಿ ಮಗುಚುವುದು ಬರೀ ಭಾರಕ್ಕಲ್ಲ

ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಿಂದ ವಾಟರ್ ಮೆಟ್ರೊ ಓಡುತ್ತಿದೆ. ನೂರು ಜನ ಹಿಡಿಸುವ ಬ್ಯಾಟರಿ ದೋಣಿ ಹತ್ತಿ ಜನ ಕೆಲಸಕ್ಕೆ ಹೋಗುತ್ತಾರೆ. ಹರಿಹರದ ಹೊಳೆಗೋ ಸೂಳೆಕೆರೆಗೋ ಅಂಥದ್ದು ಬಂದರೆ ಎಂದು ಕೇಳಿ ನೋಡಿ, ‘ಅಷ್ಟು ಜನ ಹತ್ತಿದ್ರೆ ಮುಳುಗಲ್ವಾ? ಗಂಗಮ್ಮ ಮುನಿದ್ರೆ?’ ಎನ್ನುತ್ತಾರೆ. ಬಾಗಿನ ಬಿಡುವುದು ನೀರಿಗೆ ಸಲ್ಲಿಸುವ ಗೌರವ, ಅದಿರಲಿ. ಆದರೆ ಅವಘಡದ ಹೊಣೆಯನ್ನೂ ಗಂಗಮ್ಮನ ಮೇಲೆ ಹೊರಿಸಿದರೆ ತಪ್ಪು ಎಲ್ಲಾಯಿತೆಂದು ಯಾರೂ ಹುಡುಕುವುದಿಲ್ಲ. ಮುಂದಿನ ದೋಣಿಯೂ ಮಗುಚುತ್ತದೆ.

ಭತ್ತದ ಚೀಲ ಹೇರಿದ ಗಾಡಿ ತಿರುವು ದಾಟುತ್ತದೆ, ಅದಕ್ಕಿಂತ ಹಗುರಾದ ಹುಲ್ಲಿನ ಗಾಡಿ ಪಲ್ಟಿ ಹೊಡೆಯುತ್ತದೆ. ಭಾರ ಎಷ್ಟು ಎತ್ತರದಲ್ಲಿದೆ ಎಂಬುದೇ ಮುಖ್ಯ. ತೆಪ್ಪದಲ್ಲಿ ಎದ್ದು ನಿಂತವರನ್ನು ಅಂಬಿಗ ಗದರುವುದು ಇದಕ್ಕೇ.

ದೋಣಿ ಒಂದು ಕಡೆ ವಾಲಿದಾಗ ಆ ಬದಿ ಹೆಚ್ಚು ಮುಳುಗುತ್ತದೆ, ನೀರಿನ ಮೇಲ್ನೂಕು ಅತ್ತ ಸರಿಯುತ್ತದೆ. ಆ ನೂಕಿನ ಗೆರೆಯನ್ನು ಮೇಲಕ್ಕೆಳೆದರೆ ದೋಣಿಯ ನಡುಗೆರೆಯನ್ನು ಕತ್ತರಿಸುವ ಬಿಂದುವೇ ಮೆಟಾಸೆಂಟರ್. 1746ರಲ್ಲಿ ಫ್ರಾನ್ಸಿನ ಪಿಯರ್ ಬೂಗೇ ಇದನ್ನು ವಿವರಿಸಿದ. ತೊಟ್ಟಿಲನ್ನು ನೆನೆಯಿರಿ: ಕೊಕ್ಕೆ ಮೇಲೆ, ಮಗು ಕೆಳಗೆ, ಎಷ್ಟು ತೂಗಿದರೂ ಮರಳಿ ನಡುವಿಗೇ ಬರುತ್ತದೆ. ಮೆಟಾಸೆಂಟರ್ ದೋಣಿಯ ಕಾಣದ ಕೊಕ್ಕೆ. ಗುರುತ್ವ ಕೇಂದ್ರ, ಅಂದರೆ ಒಟ್ಟು ಭಾರದ ನಡುಬಿಂದು, ಅದಕ್ಕಿಂತ ಮೇಲೇರಿದರೆ, ಬೆರಳ ತುದಿಯಲ್ಲಿ ನಿಲ್ಲಿಸಿದ ಕೋಲಿನಂತೆ, ದೋಣಿ ನೆಟ್ಟಗೆ ನಿಲ್ಲಲಾರದು.

ಕೊಕ್ಕೆಯನ್ನು ಮೇಲೇರಿಸುವುದು ಅಗಲ. ಉದ್ದ, ತೂಕ ಹಾಗೇ ಇಟ್ಟು ಅಗಲ ಇಮ್ಮಡಿಯಾದರೆ ಅದರಿಂದ ಬರುವ ನೆರವು ಎಂಟು ಪಟ್ಟು. ಕೊಚ್ಚಿಯ ದೋಣಿಗಳು ಎರಡು ಒಡಲಿನ ಕ್ಯಾಟಮರಾನ್ ಆಗಿರುವುದರ ಲಾಭ ಇಲ್ಲಿದೆ.

ಲೆಕ್ಕ ಹಾಕೋಣ. ಜನ ಸೇರಿ 40 ಟನ್ನಿನ ದೋಣಿ, ಗುರುತ್ವ ಕೇಂದ್ರಕ್ಕಿಂತ ಮೆಟಾಸೆಂಟರ್ 1.5 ಮೀಟರ್ ಮೇಲೆ. ತಲಾ 70 ಕಿಲೋದ ನೂರು ಜನ ಒಂದು ಮೀಟರ್ ಒಂದೇ ಬದಿಗೆ ಸರಿದರೆ ವಾಲುವುದು ಸುಮಾರು 7 ಡಿಗ್ರಿ. ಅಂತರ 0.3 ಮೀಟರ್‌ಗೆ ಇಳಿದಿದ್ದರೆ ಲೆಕ್ಕ 30 ಡಿಗ್ರಿ ತೋರಿಸುತ್ತದೆ; ಅಷ್ಟರೊಳಗೆ ಅಂಚು ದಾಟಿ ನೀರು ನುಗ್ಗಿರುತ್ತದೆ.

ಸ್ವೀಡನ್ನಿನ ವಾಸಾ ಹಡಗಿನಲ್ಲಿ 30 ಜನರನ್ನು ಆ ಬದಿಯಿಂದ ಈ ಬದಿಗೆ ಓಡಿಸಿ ನೋಡಿದ್ದರು. ಹಡಗು ವಿಪರೀತ ತೂಗಿತು, ಮೂರನೇ ಓಟಕ್ಕೆ ಪರೀಕ್ಷೆ ನಿಲ್ಲಿಸಿದರು. ಆದರೂ 1628ರ ಆಗಸ್ಟ್ 10ರಂದು ಹೊರಡಿಸಿದರು. ಒಂದೂವರೆ ಕಿಲೋಮೀಟರ್ ಕೂಡ ಸಾಗದೆ ಮುಳುಗಿತು.

ಇಂದು ಗುರುತ್ವ ಕೇಂದ್ರಕ್ಕೂ ಮೆಟಾಸೆಂಟರಿಗೂ ಇರುವ ಅಂತರವನ್ನು ಅಳೆದೇ ನೋಡುತ್ತಾರೆ. ಗಾಳಿಯಿಲ್ಲದ ಹೊತ್ತು, ಹಗ್ಗ ಸಡಿಲ, ತಳದ ನೀರು ಪೂರ್ತಿ ಖಾಲಿ. ಅದೇ 40 ಟನ್ನಿಗೆ 500 ಕಿಲೋ ತೂಕವನ್ನು 3 ಮೀಟರ್ ಪಕ್ಕಕ್ಕೆ ಸರಿಸಿದಾಗ 2 ಮೀಟರ್ ಉದ್ದದ ತೂಗುಗುಂಡು 5 ಸೆಂಟಿಮೀಟರ್ ಸರಿದರೆ, ಅಂತರ 1.5 ಮೀಟರ್ ಎಂದರ್ಥ. ಅರ್ಧ ತುಂಬಿದ ಟ್ಯಾಂಕ್ ಇದ್ದರೆ ಅಳತೆ ಕೆಡುತ್ತದೆ: ತಲೆ ಮೇಲಿನ ಅರ್ಧ ಬಿಂದಿಗೆಯ ನೀರಿನಂತೆ ಅದು ವಾಲಿದ ಕಡೆಗೇ ಹರಿಯುತ್ತದೆ.

ಪರೀಕ್ಷೆ ಮುಗಿದ ಮೇಲೆ ಬಿಸಿಲಿಗೆಂದು ಮೇಲೊಂದು ಕಬ್ಬಿಣದ ಚಾವಣಿ ಕೂರಿಸಿದರೆ ಹಳೆಯ ಲೆಕ್ಕ ನಡೆಯದು. ಮತ್ತೆ ಅಳೆಯಬೇಕು, ಎಷ್ಟು ಜನ ಎಂಬ ಫಲಕವನ್ನೂ ಹೊಸದಾಗಿ ಬರೆಯಬೇಕು.