ಸಾವಯವ ಸೊಪ್ಪಾದರೆ ಹಕ್ಕಿಗೆ ತೊಳೆಯದೆ ಕೊಡಬಹುದಾ?

ಪ್ರಶ್ನೆ: ಮನೆಯಲ್ಲಿ ಒಂದು ಜೋಡಿ ಬಡ್ಜಿ ಹಕ್ಕಿಗಳಿವೆ. ಅಂಗಡಿಯವರು ಲವ್ ಬರ್ಡ್ಸ್ ಅಂತಲೇ ಕೊಟ್ಟರು. ಅವಕ್ಕೆ ಸಾವಯವ ಸೊಪ್ಪು, ಹಣ್ಣು ತರುತ್ತೇನೆ. ಅದನ್ನೂ ತೊಳೆಯಬೇಕಾ?

ಬೇಕೇ ಬೇಕು. ಸಾವಯವ ಅಂದರೆ ಔಷಧಿಯನ್ನೇ ಹೊಡೆದಿಲ್ಲ ಅಂತಲ್ಲ. ಬೇವಿನೆಣ್ಣೆ, ಗಂಧಕ, ತಾಮ್ರದ ಕೆಲವು ಔಷಧಿಗಳಿಗೆ ಅಲ್ಲೂ ಅವಕಾಶ ಇದೆ. ಜೊತೆಗೆ ಸಗಣಿ ಗೊಬ್ಬರ. ಅದು ಸರಿಯಾಗಿ ಕಳಿತಿಲ್ಲದಿದ್ದರೆ ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಎಲೆಗೆ ಅಂಟಬಹುದು. ನಮ್ಮ ಸೊಪ್ಪು ಸಾರಲ್ಲಿ ಕುದಿಯುತ್ತೆ, ಹಕ್ಕಿ ಹಸಿಯಾಗೇ ತಿನ್ನುತ್ತೆ. ಅದರ ತೂಕವೋ 30-40 ಗ್ರಾಂ. ನಮಗೆ ಲೆಕ್ಕಕ್ಕೇ ಬಾರದಷ್ಟು ಕೊಳೆ ಅದಕ್ಕೆ ಜಾಸ್ತಿಯೇ.

ಪ್ಯಾಕೆಟ್ ತರುವುದಾದರೆ ಸಾವಯವ ಅಂತ ತೋರಿಸುವ ಸರ್ಕಾರದ 'ಜೈವಿಕ್ ಭಾರತ್' ಗುರುತು ಇದೆಯಾ ನೋಡಿ. ಸಂತೆಯಲ್ಲಾದರೆ ಯಾವ ನೀರಲ್ಲಿ ಬೆಳೆದಿದ್ದು ಅಂತ ಕೇಳಿ. ಚರಂಡಿ ನೀರಿನ ಸೊಪ್ಪು ಬೇಡ. ಬಾಡಿದ ಸಾವಯವ ಸೊಪ್ಪಿಗಿಂತ ಚೆನ್ನಾಗಿ ತೊಳೆದ ತಾಜಾ ಮಾಮೂಲಿ ಸೊಪ್ಪೇ ವಾಸಿ ಅಂತೀನಿ ನಾನು.

ಕೊತ್ತಂಬರಿ ಕಟ್ಟನ್ನು ಹಾಗೇ ನಲ್ಲಿ ಕೆಳಗೆ ಹಿಡಿದರೆ ಒಳಗಿನ ಮಣ್ಣು ಹೋಗಲ್ಲ. ಮೊದಲು ರಬ್ಬರ್ ಬ್ಯಾಂಡ್ ಬಿಚ್ಚಿ ಕಸಕ್ಕೆ ಹಾಕಿ, ಹಕ್ಕಿ ಕಚ್ಚಿ ನುಂಗೀತು. ಬೇರು, ಮಣ್ಣು ಹಿಡಿದ ಬುಡ ಕತ್ತರಿಸಿ. ಅಗಲವಾದ ಪಾತ್ರೆ ತುಂಬ ನೀರಲ್ಲಿ ಸೊಪ್ಪು ಮುಳುಗಿಸಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಿ. ಮರಳು ತಳದಲ್ಲಿ ಕೂರುತ್ತೆ. ಆಗ ನೀರು ಬಗ್ಗಿಸಬೇಡಿ, ಸೊಪ್ಪನ್ನೇ ಮೇಲಕ್ಕೆತ್ತಿ. ಇಲ್ಲದಿದ್ದರೆ ಕೂತ ಮರಳೆಲ್ಲ ಮತ್ತೆ ಎಲೆ ಮೇಲೆ! ತಳದಲ್ಲಿ ಮರಳು ಕಾಣದ ತನಕ ನೀರು ಬದಲಾಯಿಸಿ. ಎಲೆಯ ಅಡಿಭಾಗ ಒಮ್ಮೆ ತಿರುಗಿಸಿ ನೋಡಿ, ಗಿಡದ ಹೇನು ಅಡಗಿರೋದು ಅಲ್ಲೇ. ಕೊನೆಗೆ ನಲ್ಲಿ ನೀರಲ್ಲಿ ತೊಳೆದು ಬಟ್ಟೆ ಮೇಲೆ ಹರಡಿ.

ಸೇಬಿಗೆ ಅಡುಗೆ ಸೋಡಾ ಉಪಯೋಗಕ್ಕೆ ಬರುತ್ತೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಕೀಟನಾಶಕ, ಒಂದು ಶಿಲೀಂಧ್ರನಾಶಕವನ್ನು ಸೇಬಿಗೆ ಹಚ್ಚಿ ನೋಡಿದ್ದರು. ಲೀಟರ್ ನೀರಿಗೆ 10 ಗ್ರಾಂ ಲೆಕ್ಕದ ಸೋಡಾ ನೀರಲ್ಲಿ 12-15 ನಿಮಿಷ ಇಟ್ಟಾಗ ಮೇಲ್ಮೈಯಲ್ಲಿದ್ದದ್ದು ಹೋಯಿತು. ಸಿಪ್ಪೆಯೊಳಗೆ ಇಳಿದದ್ದು ಹೋಗಲಿಲ್ಲ. ಹಾಗಾಗಿ ಸಾವಯವ ಅಲ್ಲದ ಸೇಬಿನ ಸಿಪ್ಪೆ ತೆಗೆದೇ ಕೊಡಿ. ಸ್ಟಿಕ್ಕರ್, ಬೀಜ ಎರಡೂ ಬೇಡ. ಸೋಡಾ, ಉಪ್ಪು, ವಿನೆಗರ್ ಏನೇ ಹಾಕಿದ್ದರೂ ಆಮೇಲೆ ಬರೀ ನೀರಲ್ಲಿ ಚೆನ್ನಾಗಿ ತೊಳೆಯಬೇಕು. ಪಾತ್ರೆ ತೊಳೆಯುವ ಸೋಪು ಮಾತ್ರ ಮುಟ್ಟಿಸಬೇಡಿ.

ತಿಂದು ಉಳಿದದ್ದನ್ನು ಎರಡು ಗಂಟೆಯೊಳಗೆ ಪಂಜರದಿಂದ ತೆಗೆಯಿರಿ, ಬೇಸಿಗೆಯಲ್ಲಿ ಇನ್ನೂ ಬೇಗ. ಇನ್ನು ಬೆಣ್ಣೆಹಣ್ಣು ಎಷ್ಟೇ ಸಾವಯವ ಇರಲಿ, ಎಷ್ಟೇ ತೊಳೆದಿರಲಿ, ಕೊಡಲೇಬೇಡಿ. ಅದರಲ್ಲಿರುವ ಪರ್ಸಿನ್ ಅನ್ನೋ ವಿಷ ಹಕ್ಕಿಯ ಹೃದಯಕ್ಕೇ ಕುತ್ತು ತರುತ್ತೆ.