ಪಿಡಿಎಫ್ ಹಾಕಿದಾರಲ್ಲ, ಅದು ಓಪನ್ ಡೇಟಾ ಅಲ್ವಾ?

ಓದುಗರ ಪ್ರಶ್ನೆ: ಸ್ಥಳೀಯ ಆಡಳಿತದ ವೆಬ್‌ಸೈಟಲ್ಲಿ ಬಜೆಟ್ಟು, ಟೆಂಡರ್ ಪಟ್ಟಿ, ಸಭೆ ನಡಾವಳಿ ಎಲ್ಲಾ ಪಿಡಿಎಫ್ ಮಾಡಿ ಹಾಕಿರ್ತಾರೆ, ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೋಬಹುದು. ಆದ್ರೂ ಕೆಲವ್ರು "ಡೇಟಾ ಓಪನ್ ಮಾಡಿ, ಡೇಟಾ ಓಪನ್ ಮಾಡಿ" ಅಂತ ಹಿಂದೆ ಬಿದ್ದಿರ್ತಾರಲ್ಲ, ಇನ್ನೇನು ಓಪನ್ ಮಾಡ್ಬೇಕಂತೆ? ಕೇಳೋದಾದ್ರೆ ಏನಂತ ಕೇಳ್ಬೇಕು?

ಇದನ್ನ ಜನರೂ ಕೇಳ್ತಾರೆ, ಆಫೀಸಲ್ಲಿ ಕೂತವರೂ ಕೇಳ್ತಾರೆ, ಅವರಂತೂ ಸ್ವಲ್ಪ ಬೇಜಾರಲ್ಲೇ ಕೇಳ್ತಾರೆ, ಇಷ್ಟೆಲ್ಲಾ ಹಾಕಿದ್ರೂ ಸಾಲ್ದಾ ಅಂತ. ಸಾಲಲ್ಲ. ಓದಕ್ಕೆ ಸಿಗೋದು ಬೇರೆ, ಲೆಕ್ಕ ಹಾಕಕ್ಕೆ ಸಿಗೋದು ಬೇರೆ.

ಒಂದ್ಸಲ ನಾನೇ ಒಂದು ಸ್ಥಳೀಯ ಸಂಸ್ಥೆಯ ಕಾಮಗಾರಿ ಬಿಲ್ಲುಗಳ ಪಟ್ಟಿ ಇಟ್ಕೊಂಡು ಕೂತಿದ್ದೆ (ಯಾವ್ದು ಅಂತ ಬೇಡ ಬಿಡಿ). ನನಗೆ ಬೇಕಾಗಿದ್ದು ಒಂದೇ, ರಸ್ತೆ ರಿಪೇರಿಗೆ ಅಂತ ಒಟ್ಟು ಎಷ್ಟು ಹೋಯ್ತು, ಯಾರ ಕೈಗೆ ಹೋಯ್ತು. ಪಿಡಿಎಫ್ ಇತ್ತು, ಆದ್ರೆ ಅದು ಪ್ರಿಂಟ್ ತೆಗೆದು ಸೈನ್ ಹಾಕಿ ಸೀಲ್ ಹೊಡೆದು ಆಮೇಲೆ ಸ್ಕ್ಯಾನ್ ಮಾಡಿದ್ದು, ಕೆಲವು ಪುಟ ಅಡ್ಡ ಮಲಗಿತ್ತು, ಎರಡು ಕಡೆ ಸೀಲು ಸರಿಯಾಗಿ ಮೊತ್ತದ ಮೇಲೇ ಕೂತಿತ್ತು. ಸರಿ, ಫೋಟೋದಲ್ಲಿರೋ ಅಕ್ಷರ ಓದಿ ಟೆಕ್ಸ್ಟ್ ಮಾಡೋ ಒಸಿಆರ್‌ಗೆ ಹಾಕೋಣ ಅಂದ್ರೆ ಅದು ಎಂಟನ್ನ ಮೂರು ಅಂತ ಓದತ್ತೆ, ಕಾಮಾನ ಚುಕ್ಕಿ ಅಂತ ಓದತ್ತೆ, ಅಂದ್ರೆ ಲಕ್ಷದಲ್ಲಿರೋ ಬಿಲ್ಲು ನೂರಕ್ಕೆ ಇಳಿದುಬಿಡತ್ತೆ. ಕೊನೆಗೆ ಕೈಯಲ್ಲೇ ಟೈಪ್ ಮಾಡಿದೆ, ಎರಡು ಭಾನುವಾರ ಹೋಯ್ತು. ಒಬ್ಬನೇ ಗುತ್ತಿಗೆದಾರನ ಹೆಸರು ಮೂರು ಸ್ಪೆಲ್ಲಿಂಗಲ್ಲಿತ್ತು, ಅದನ್ನೂ ಒಂದು ಮಾಡ್ಕೊಂಡೆ. ಇಷ್ಟೆಲ್ಲಾ ಮಾಡಿ ಕೂಡಿದ್ರೆ ನನ್ನ ಟೋಟಲ್ಲಿಗೂ ಅವರ ಕೊನೇ ಪುಟದ ಟೋಟಲ್ಲಿಗೂ ತಾಳೆ ಆಗ್ಲಿಲ್ಲ, ತಪ್ಪು ನನ್ನ ಟೈಪಿಂಗಲ್ಲಿದ್ಯೋ ಅವರ ಲೆಕ್ಕದಲ್ಲಿದ್ಯೋ ಅಂತ ಹೇಳಕ್ಕೂ ಆಗದ ಪರಿಸ್ಥಿತಿ.

ಇದ್ರಲ್ಲಿ ತಮಾಷೆ ಏನು ಗೊತ್ತಾ, ಆ ಪಟ್ಟಿ ಹುಟ್ಟಿದ್ದೇ ಕಂಪ್ಯೂಟರಲ್ಲಿ. ಯಾರೋ ಒಬ್ಬರು ಎಕ್ಸೆಲ್ಲಲ್ಲಿ ನೀಟಾಗಿ ಸಾಲು, ಕಾಲಮ್ಮು ಹಾಕಿ ಮಾಡಿರ್ತಾರೆ, ಅದನ್ನ ಕಾಗದಕ್ಕೆ ಇಳಿಸಿ, ಕಾಗದದ ಫೋಟೋ ತೆಗೆದು ವೆಬ್‌ಸೈಟಿಗೆ ಏರಿಸ್ತಾರೆ, ಇತ್ತ ಕಡೆ ನಾವು ಆ ಫೋಟೋನ ಮತ್ತೆ ಎಕ್ಸೆಲ್ ಮಾಡಕ್ಕೆ ಒದ್ದಾಡ್ತೀವಿ. ಮೂಲ ಫೈಲು ಯಾವ್ದೋ ಮೇಜಿನ ಕಂಪ್ಯೂಟರಲ್ಲಿ ಸುಮ್ನೆ ಕೂತಿರತ್ತೆ. ಓಪನ್ ಡೇಟಾ ಅಂದ್ರೆ ಮುಕ್ಕಾಲು ಪಾಲು ಆ ಫೈಲನ್ನ ಹಾಗೇ ಕೊಡೋದು, ಅಷ್ಟೇ. ಸ್ಕ್ಯಾನ್ ಅಲ್ಲದ ಪಿಡಿಎಫ್ ಆದ್ರೂ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಥರ ಅರ್ಥ ಆಗೋ ಅಕ್ಷರ ಸಂಕೇತ) ಇಲ್ಲದ ಹಳೇ ಫಾಂಟಲ್ಲಿ ಮಾಡಿದ್ರೆ ಕಾಪಿ ಪೇಸ್ಟ್ ಮಾಡಿದಾಗ ಕನ್ನಡ ಹೋಗಿ ಬರೀ ಕಸ ಬರತ್ತೆ, ಆ ಕಷ್ಟ ಗೊತ್ತಿದ್ದವರಿಗೇ ಗೊತ್ತು.

ಈ ಜಗಳ ಹೊಸದಲ್ಲ. 2007ರ ಡಿಸೆಂಬರಲ್ಲಿ ಕ್ಯಾಲಿಫೋರ್ನಿಯಾದ ಸೆಬಾಸ್ಟೊಪೊಲ್ ಅನ್ನೋ ಊರಲ್ಲಿ ಒಂದಷ್ಟು ಜನ ಸೇರಿ ಸರ್ಕಾರಿ ಡೇಟಾ ಓಪನ್ ಅನ್ನಿಸ್ಕೋಬೇಕಾದ್ರೆ ಹೇಗಿರ್ಬೇಕು ಅಂತ 8 ತತ್ವ ಬರೆದ್ರು. ಸಾರಾಂಶ ಅಲ್ಲ ಮೂಲ ಡೇಟಾನೇ ಬೇಕು, ಹಳಸೋ ಮುಂಚೆ ಸಿಗ್ಬೇಕು, ಯಂತ್ರ ಓದೋ ಹಾಗಿರ್ಬೇಕು, ಒಂದೇ ಕಂಪನಿಯ ಸಾಫ್ಟ್‌ವೇರಿಗೆ ಕಟ್ಟಿಹಾಕಿರ್ಬಾರ್ದು, ನೋಂದಣಿ ಗೀಂದಣಿ ಅಂತ ಗೇಟ್ ಇರ್ಬಾರ್ದು, ಬಳಸಕ್ಕೆ ಲೈಸೆನ್ಸಿನ ಅಡ್ಡಿ ಇರ್ಬಾರ್ದು, ಹೀಗೆ. ಆಮೇಲೆ ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್ ಲೀ 2010ರಲ್ಲಿ 5 ಸ್ಟಾರ್ ಲೆಕ್ಕ ಕೊಟ್ರು, ಅದ್ರಲ್ಲಿ ಮುಕ್ತ ಲೈಸೆನ್ಸ್ ಇರೋ ಪಿಡಿಎಫ್‌ಗೆ 1 ಸ್ಟಾರ್, ಎಕ್ಸೆಲ್‌ಗೆ 2, ಸಿಎಸ್‌ವಿಗೆ (ಕಾಮಾ ಹಾಕಿ ಕಾಲಮ್ ಬೇರೆ ಮಾಡಿದ, ಯಾವ ಸಾಫ್ಟ್‌ವೇರಲ್ಲೂ ತೆಗೆಯೋ ಸಾದಾ ಟೆಕ್ಸ್ಟ್ ಫೈಲು) 3. ಗಮನಿಸಿ, ಪಿಡಿಎಫ್‌ಗೂ ಸೊನ್ನೆ ಅಲ್ಲ, ಒಂದು ಸ್ಟಾರ್ ಇದೆ. ಆದ್ರೆ ಲೈಸೆನ್ಸ್ ಇದ್ರೆ ಮಾತ್ರ. "ಇದನ್ನ ಯಾರು ಬೇಕಾದ್ರೂ ಬಳಸಿ, ಬದಲಾಯಿಸಿ, ಮತ್ತೆ ಪ್ರಕಟಿಸಿ" ಅಂತ ಎಲ್ಲೂ ಬರೆದಿಲ್ಲದೆ ಕೆಳಗಡೆ "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಅಂತ ಒಂದು ಸಾಲು ಇದ್ರೆ ಕಾನೂನಿನ ಲೆಕ್ಕದಲ್ಲಿ ಬಾಗಿಲು ಅರ್ಧ ಹಾಕ್ದಂಗೇ. ಉಳಿದ 4, 5ನೇ ಸ್ಟಾರು ಸ್ಥಳೀಯ ಸಂಸ್ಥೆಗಳಿಗೆ ಸದ್ಯಕ್ಕೆ ಬೇಕಿಲ್ಲ ಅಂತ ನನ್ನ ಅಭಿಪ್ರಾಯ, 3ಕ್ಕೆ ಬಂದ್ರೆ ಹಬ್ಬ ಮಾಡೋಣ.

ಲೆಕ್ಕ ಹಾಕಕ್ಕೆ ಸಿಕ್ಕಿದ್ರೆ ಏನಾಗತ್ತೆ ಅನ್ನೋದಕ್ಕೆ ನ್ಯೂಯಾರ್ಕ್ ಕಥೆ ಹೇಳ್ತೀನಿ. ಅಲ್ಲಿ 2012ರಲ್ಲಿ ನಗರದ್ದೇ ಒಂದು ಕಾನೂನು ಬಂತು, ಇಲಾಖೆಗಳು ತಮ್ಮ ಡೇಟಾನ ಒಂದೇ ಪೋರ್ಟಲ್ಲಲ್ಲಿ ಹಾಕ್ಬೇಕು ಅಂತ. ಪಾರ್ಕಿಂಗ್ ದಂಡದ ಡೇಟಾನೂ ಬಂತು, ಒಂದೊಂದು ದಂಡಕ್ಕೂ ಒಂದೊಂದು ಸಾಲು. ಬೆನ್ ವೆಲಿಂಗ್ಟನ್ ಅನ್ನೋ ಬ್ಲಾಗರ್ 2014ರಲ್ಲಿ ಅದನ್ನ ಇಳಿಸ್ಕೊಂಡು ಯಾವ ಫೈರ್ ಹೈಡ್ರಂಟ್ (ಬೆಂಕಿ ಆರಿಸಕ್ಕೆ ನೀರು ಕೊಡೋ ರಸ್ತೆಬದಿ ನಲ್ಲಿ) ಮುಂದೆ ಗಾಡಿ ನಿಲ್ಲಿಸಿದ್ದಕ್ಕೆ ಅತಿ ಹೆಚ್ಚು ದಂಡ ಬಿದ್ದಿದೆ ಅಂತ ವಿಂಗಡಿಸಿದ್ರು. ಫೋರ್ಸೈತ್ ಸ್ಟ್ರೀಟಲ್ಲಿರೋ ಒಂದು ಹೈಡ್ರಂಟೇ ವರ್ಷಕ್ಕೆ 30,000 ಡಾಲರಿಗೂ ಜಾಸ್ತಿ ದುಡೀತಿತ್ತು! ಹೋಗಿ ನೋಡಿದ್ರೆ ಹೈಡ್ರಂಟಿಗೂ ಗಾಡಿ ನಿಲ್ಲೋ ಜಾಗಕ್ಕೂ ಮಧ್ಯ ಒಳ್ಳೇ ಗ್ಯಾಪ್ ಇದೆ, ರಸ್ತೆ ಮೇಲಿನ ಗೆರೆ ನೋಡಿದ್ರೆ ಯಾರಿಗಾದ್ರೂ ಅದು ಪಾರ್ಕಿಂಗ್ ಜಾಗ ಅಂತಲೇ ಅನ್ಸತ್ತೆ. ಅವರು ಬರೆದ ಮೇಲೆ ಸಾರಿಗೆ ಇಲಾಖೆ ಬಂದು ಗೆರೆ ಬದಲಾಯಿಸ್ತು. ಇದೇ ಮಾಹಿತಿ "ಈ ವರ್ಷ ದಂಡದಿಂದ ಒಟ್ಟು ಇಷ್ಟು ಆದಾಯ" ಅಂತ ವಾರ್ಷಿಕ ವರದಿಯ ಒಂದು ಸಾಲಾಗಿ ಪಿಡಿಎಫಲ್ಲಿ ಬಂದಿದ್ರೆ ಆ ಹೈಡ್ರಂಟು ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ.

ಅಧಿಕಾರಿಗಳಿಗೆ ಭಯ ಇರೋದೂ ಇಲ್ಲೇ, ಕೊಟ್ರೆ ತಪ್ಪು ಹುಡುಕ್ತಾರೆ ಅಂತ. ಹುಡುಕ್ತಾರೆ, ಸುಳ್ಳು ಹೇಳಲ್ಲ. ಅದೇ ವೆಲಿಂಗ್ಟನ್ 2016ರಲ್ಲಿ ಇನ್ನೊಂದು ಹಿಡಿದ್ರು, ಫುಟ್‌ಪಾತಿನ ಇಳಿಜಾರಿನ ಮುಂದೆ ಕೆಲವು ಕಡೆ ಗಾಡಿ ನಿಲ್ಲಿಸಬಹುದು ಅಂತ ನಿಯಮ ಬದಲಾಗಿ ವರ್ಷಗಳೇ ಆಗಿದ್ರೂ ಪೊಲೀಸ್ರು ಅಲ್ಲಿ ದಂಡ ಹಾಕ್ತಾನೇ ಇದ್ರು. ಪೊಲೀಸ್ ಇಲಾಖೆ ಹೌದು, ತಪ್ಪಾಗಿದೆ, ನಮ್ಮವರಿಗೆ ಹೊಸ ನಿಯಮ ಸರಿಯಾಗಿ ಗೊತ್ತಿರ್ಲಿಲ್ಲ, ತಿಳಿಸಿ ಹೇಳ್ತೀವಿ ಅಂತ ಉತ್ತರ ಕೊಡ್ತು. ಮಾನ ಹೋಯ್ತಾ? ನನ್ನ ಪ್ರಕಾರ ಉಳೀತು.

ಎಲ್ಲಾ ಉಪಯೋಗಾನೂ ತಪ್ಪು ಹುಡುಕೋದೇ ಅಲ್ಲ ಮತ್ತೆ. ಮೊಬೈಲ್ ಮ್ಯಾಪಲ್ಲಿ ಬಸ್ ಟೈಮು ನೋಡ್ತೀರಲ್ಲ, ಅದರ ಬೇರು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್ 2005ರಲ್ಲಿ ತನ್ನ ವೇಳಾಪಟ್ಟಿನ ಗೂಗಲ್‌ಗೆ ಕೊಟ್ಟಿದ್ರಲ್ಲಿದೆ. ಅಲ್ಲಿಂದ ಬಂದ ಜಿಟಿಎಫ್‌ಎಸ್ ಅನ್ನೋ ವಿಧಾನ ಈಗ ಜಗತ್ತಿನ ತುಂಬಾ ಬಳಕೆಯಲ್ಲಿದೆ, ಒಳಗೆ ಏನಿದೆ ಅಂತ ಬಿಚ್ಚಿ ನೋಡಿದ್ರೆ ಸಾದಾ ಟೆಕ್ಸ್ಟ್ ಫೈಲುಗಳು, ನಿಲ್ದಾಣದ್ದೊಂದು, ರೂಟಿಂದೊಂದು, ಸಮಯದ್ದೊಂದು. ಎಲ್ಲಾ ಊರವರೂ ಒಂದೇ ಥರ ಕಾಲಮ್ ಹಾಕಿದ್ರಿಂದ ಒಂದೇ ಆಪ್ ಎಲ್ಲಾ ಕಡೆ ನಡೆಯತ್ತೆ. ಇಂಗ್ಲೆಂಡಲ್ಲಿ ಉಲ್ಟಾ ಆಯ್ತು, 2010ರಲ್ಲಿ ಅಲ್ಲಿನ ಸರ್ಕಾರ ಸ್ಥಳೀಯ ಕೌನ್ಸಿಲ್‌ಗಳು 500 ಪೌಂಡಿಗಿಂತ ಜಾಸ್ತಿ ಖರ್ಚಿನ ವಿವರ ಎಲ್ಲಾ ಹಾಕ್ಬೇಕು ಅಂತು, ದೊಡ್ಡ ಹೆಜ್ಜೆನೇ, ಆದ್ರೆ ಒಂದೊಂದು ಕೌನ್ಸಿಲ್ಲೂ ಒಂದೊಂದು ಥರ ಹಾಕಿದ್ರಿಂದ ಎರಡನ್ನ ಪಕ್ಕಪಕ್ಕ ಇಟ್ಟು ಹೋಲಿಸೋದೇ ತಲೆನೋವಾಯ್ತು.

ಹಾಗಂತ ಇರೋದೆಲ್ಲಾ ಸುರೀಬೇಕು ಅಂತ ನಾನು ಹೇಳಲ್ಲ. ಮತ್ತೆ ನ್ಯೂಯಾರ್ಕೇ, ಈ ಸಲ ಪಾಠ ಬೇರೆ. ಮಾಹಿತಿ ಹಕ್ಕಿನಡಿ ಒಬ್ಬರು ಕೇಳಿದ್ರು ಅಂತ ಅಲ್ಲಿನ ಟ್ಯಾಕ್ಸಿ ಆಯೋಗ 2013ರ 17 ಕೋಟಿಗೂ ಜಾಸ್ತಿ ಟ್ರಿಪ್ಪುಗಳ ಡೇಟಾ ಕೊಡ್ತು, ಎಲ್ಲಿ ಹತ್ತಿದ್ರು, ಎಲ್ಲಿ ಇಳಿದ್ರು, ಎಷ್ಟು ಟಿಪ್ಸ್ ಕೊಟ್ರು ಎಲ್ಲಾ. ಟ್ಯಾಕ್ಸಿ ನಂಬರನ್ನ ಎಂಡಿ5 ಅನ್ನೋ ಹ್ಯಾಶ್ (ಒಂದು ನಂಬರಿಗೆ ಯಾವಾಗ್ಲೂ ಒಂದೇ ಗುರುತು ಕೊಡೋ ಲೆಕ್ಕ) ಮಾಡಿ ಮುಚ್ಚಿದ್ದೀವಿ ಅಂದ್ಕೊಂಡಿದ್ರು. ಆದ್ರೆ ಟ್ಯಾಕ್ಸಿ ನಂಬರುಗಳು ಇರೋದೇ ಕೆಲವು ಗೊತ್ತಿರೋ ಮಾದರಿಯಲ್ಲಿ, ಸಾಧ್ಯ ಇರೋ ಎಲ್ಲಾ ನಂಬರಿಗೂ ಹ್ಯಾಶ್ ಮಾಡಿ ತಾಳೆ ನೋಡಿದ್ರೆ ಮುಗೀತು, ಕಂಪ್ಯೂಟರಿಗೆ ಅದೊಂದು ಕೆಲಸಾನೇ ಅಲ್ಲ. 2014ರಲ್ಲಿ ಒಬ್ಬ ಎಂಜಿನಿಯರ್ ಹಂಗೇ ಮಾಡಿ ತೋರಿಸಿದ್ರು. ಆಮೇಲೆ ಸೆಲೆಬ್ರಿಟಿಗಳು ಟ್ಯಾಕ್ಸಿ ಹತ್ತೋ ಫೋಟೋ ಜೊತೆ ಹೊಂದಿಸಿ ಯಾರು ಎಲ್ಲಿಗೆ ಹೋದ್ರು ಅನ್ನೋವರೆಗೂ ಹೋಯ್ತು. ಆದ್ರಿಂದ ಗುತ್ತಿಗೆ, ಖರ್ಚು, ರಸ್ತೆ, ಚರಂಡಿ, ದೀಪದ ಕಂಬ ಇಂಥದ್ದನ್ನೆಲ್ಲ ಧಾರಾಳವಾಗಿ ಕೊಡಲಿ, ಜನರ ಬಗ್ಗೆ ಇರೋ ಸಾಲುಗಳನ್ನ ಕೊಡೋ ಮುಂಚೆ ಹತ್ತು ಸಲ ಯೋಚಿಸ್ಲಿ. ಹೆಸರು ತೆಗೆದ್ರೆ ಸಾಕು ಅನ್ನೋದು ಭ್ರಮೆ, ಮನೆ ವಿಳಾಸ, ಹುಟ್ಟಿದ ದಿನ, ಟೈಮು ಇವುಗಳೇ ಸೇರಿ ಹೆಸರು ಹೇಳ್ಬಿಡತ್ತೆ.

ಇನ್ನು ಏನಂತ ಕೇಳ್ಬೇಕು ಅಂದ್ರಲ್ಲ. "ಎಲ್ಲಾ ಡೇಟಾ ಓಪನ್ ಮಾಡಿ" ಅಂತ ಮನವಿ ಕೊಟ್ರೆ ಯಾರಿಗೂ ಏನು ಮಾಡ್ಬೇಕು ಅಂತಲೇ ಗೊತ್ತಾಗಲ್ಲ, ಅದು ಫೈಲಲ್ಲೇ ಕೂರತ್ತೆ. ನಿಮಗೆ ನಿಜವಾಗ್ಲೂ ಉತ್ತರ ಬೇಕಾಗಿರೋ ಒಂದು ಪ್ರಶ್ನೆ ಇಟ್ಕೊಳಿ, ಬೀದಿ ದೀಪದ ದೂರು ಸರಿ ಮಾಡಕ್ಕೆ ಎಷ್ಟು ದಿನ ತಗೋತಾರೆ ಅಂತ ಇರ್ಲಿ. ಅದಕ್ಕೆ ಬೇಕಾಗಿರೋದು ದೂರಿನ ಪಟ್ಟಿ, ಒಂದು ದೂರಿಗೆ ಒಂದು ಸಾಲು, ದೂರು ಬಂದ ದಿನ, ಮುಗಿದ ದಿನ, ಜಾಗ. ದೂರು ಕೊಟ್ಟವರ ಹೆಸರು, ಫೋನ್ ನಂಬರ್ ಬೇಡ ಅಂತ ನೀವೇ ಬರೀರಿ, ಕೊಡೋರಿಗೆ ಅರ್ಧ ಭಯ ಅಲ್ಲೇ ಹೋಗತ್ತೆ. ಆಮೇಲೆ ಸೀದಾ ಹೀಗೆ ಕೇಳಿ: ವೆಬ್‌ಸೈಟಲ್ಲಿರೋ ಪಿಡಿಎಫ್ ಯಾವ ಎಕ್ಸೆಲ್ಲಿಂದ ಮಾಡಿದ್ರೋ ಆ ಫೈಲು ಕೊಡಿ, ಇದ್ದಂಗೇ ಇರ್ಲಿ, ಚೆಂದ ಮಾಡೋದು ಬೇಡ, ಯಾವ ಕಾಲಮ್ಮು ಏನು ಅಂತ ಒಂದು ಚೀಟಿ ಜೊತೆಗಿರ್ಲಿ, ದಿನಾಂಕದಲ್ಲಿ ಮೊದಲು ಬರೋದು ದಿನಾನೋ ತಿಂಗಳೋ ಅಂತ ಅದ್ರಲ್ಲಿ ಹಾಕಿ. ಈ ಕೊನೇದು ಸಣ್ಣ ವಿಷ್ಯ ಅನ್ಸಬಹುದು, 03-04 ಅಂತ ಇದ್ರೆ ಏಪ್ರಿಲ್ಲೋ ಮಾರ್ಚೋ ಗೊತ್ತಾಗ್ದೆ ಮೂರು ದಿನದ ರಿಪೇರಿ ಮೂರು ತಿಂಗಳ ರಿಪೇರಿ ಥರ ಕಾಣ್ಬಹುದು, ಆಮೇಲೆ ಜಗಳ ದೀಪದ ಬಗ್ಗೆ ಇರಲ್ಲ, ದಿನಾಂಕದ ಬಗ್ಗೆ ಇರತ್ತೆ.